ನಾಲ್ಕನೇ ಸಾಲಿನ ರೈಟು

ಮಾರ್ಚ್ ೧೪, ಶುಕ್ರವಾರ
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾನು ಚಹಾ ತರಲು ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಆ ಫಾರಂಗೆ ನಿನ್ನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಾಗ ನಾನು ನಿನ್ನ ಮಂಚದ ಪಕ್ಕದಲ್ಲೇ ನಿಂತಿದ್ದೆ. ನಾಲ್ಕನೇ ಸಾಲಿಗೆ ರೈಟ್ ಹಾಕಿದ್ದು ಮ್ಯಾನೇಜರು ಬೆಣ್ಣೆಯಲ್ಲ, ನಾನು.

ಇದನ್ನು ಮೊದಲೇ ಬರೆದುಬಿಟ್ಟೆ. ನಮಸ್ಕಾರ, ಕ್ಷೇಮ ಎಂದು ಶುರು ಮಾಡಿದರೆ ಕಾಗದ ತುಂಬಿಹೋಗಿ ಈ ಮಾತು ಮತ್ತೆ ಹೊರಗೇ ಉಳಿಯುತ್ತಿತ್ತು. ಒಂದೂವರೆ ವರ್ಷದಿಂದ ಅದೇ ಆಗಿದೆ. ಈಗ ನಮಸ್ಕಾರ. ನಿನ್ನ ಮೂರು ಕಾಗದಗಳೂ ತಲುಪಿವೆ. ಉತ್ತರ ಬರೆಯದೆ ಇದ್ದದ್ದು ತಪ್ಪು. ನಿನ್ನ ಎಡಗೈ ಬರಹ ಸುಧಾರಿಸಿದೆ, ಮೊದಲ ಕಾಗದದಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಮೂರನೆಯದರಲ್ಲಿ ಸಾಲಾಗಿ ನಿಂತಿವೆ. ಚಿಕ್ಕಮ್ಮನ ಮೊಣಕಾಲು ನೋವು ಹೇಗಿದೆ? ನಮ್ಮ ರೂಮಿನ ನಲ್ಲಿ ಈಗಲೂ ಸೋರುತ್ತಿದೆ. ಮನೆ ಓನರಮ್ಮ ಈಗಲೂ "ನಾಳೆ ಬರ್ತಾನೆ ಕಣಮ್ಮ ಪ್ಲಂಬರ್ರು" ಅನ್ನುತ್ತಾಳೆ.

ಈ ವಾರ ಇಲ್ಲಿ ಆದದ್ದು ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನನ್ನ ಕೈಯಿಂದಲೇ ತಲುಪಲಿ ಎಂದು ಬರೆಯುತ್ತಿದ್ದೇನೆ.

ಆ ದಿನ ಹೇಗಿತ್ತು ಎಂದು ಹೇಳುತ್ತೇನೆ. ಒದ್ದೆ ಚಾದರದ ಜೊತೆ ನಿನ್ನ ಬಲಗೈಯನ್ನು ಇಸ್ತ್ರಿ ಯಂತ್ರದ ಬಿಸಿ ರೋಲರ್ ಎಳೆದುಕೊಂಡು ನಾಲ್ಕು ದಿನವಾಗಿತ್ತು. ಕೈ ತಾಗಿದರೆ ಯಂತ್ರ ನಿಲ್ಲಬೇಕಾದ ಆ ಅಡ್ಡಪಟ್ಟಿಯನ್ನು ತಂತಿಯಿಂದ ಬಿಗಿದು ಕಟ್ಟಿದ್ದರು, ಆಗಾಗ ನಿಲ್ಲುತ್ತೆ, ಕೆಲಸ ಹಾಳಾಗುತ್ತೆ ಎಂದು. ಕಟ್ಟಿಸಿದ್ದು ಬೆಣ್ಣೆ. ನಿನಗೂ ಗೊತ್ತು, ನನಗೂ ಗೊತ್ತು, ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತು. ಬೆಣ್ಣೆ ಆಸ್ಪತ್ರೆಗೆ ಹಣ್ಣು ತಂದಿದ್ದ. ಅವನ ದನಿ ಗೊತ್ತಲ್ಲ, ಬೈಯುವಾಗಲೂ ಜೋಗುಳ ಹಾಡಿದ ಹಾಗೆ. "ಇದೊಂದು ಆಸ್ಪತ್ರೆ ಫಾರ್ಮಾಲಿಟಿ ಅಮ್ಮ, ಮೇಲಿನವರು ಕೇಳ್ತಾರೆ" ಎಂದ. ಇಂಗ್ಲಿಷಿನಲ್ಲಿ ಐದು ಸಾಲು, ಪ್ರತಿ ಸಾಲಿನ ಮುಂದೆ ಒಂದು ಚೌಕ. ನಿನಗೆ ಕೊಡಲು ಹೋದವನು ನನ್ನ ಕಡೆ ತಿರುಗಿದ. "ನೀನು ಓದಿದವಳಲ್ವಾ? ನೀನೇ ನೋಡಿ ರೈಟ್ ಹಾಕಿಬಿಡು."

ಓದಿದವಳು! ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ತಪ್ಪನ್ನು ತೋರಿಸಿ, ಹೊರಗೆ ನಿಲ್ಲು ಅಂದರೆ ಹೊರಗೆ ನಿಂತು, ಹಾಗೇ ಗೇಟು ದಾಟಿ ಮನೆಗೆ ಬಂದವಳು ನಾನು. ನೀನು ಎಷ್ಟು ಬೇಡಿಕೊಂಡರೂ ವಾಪಸ್ ಹೋಗಲಿಲ್ಲ. ಅಂಥವಳನ್ನು ಒಬ್ಬ ಮ್ಯಾನೇಜರು ಓದಿದವಳು ಎಂದರೆ ಎದೆ ಉಬ್ಬದೆ ಇರುತ್ತದೆಯೇ?

ಮೊದಲ ಮೂರು ಸಾಲು ಸುಲಭವಿತ್ತು. ನಾಲ್ಕನೆಯದು ಉದ್ದ. ಐ ವೇವ್ ಮೈ ರೈಟ್, ಆಮೇಲೆ ನನಗೆ ಬಾರದ ಹತ್ತು ಹನ್ನೆರಡು ಪದ. ವೇವ್ ಎಂದರೆ ಕೈ ಬೀಸುವುದು. ಮೂರನೇ ಕ್ಲಾಸಿನಲ್ಲೇ ಕಲಿತಿದ್ದೆ, ಟೀಚರು ಕರವಸ್ತ್ರ ಹಿಡಿದು ಬೀಸಿ ತೋರಿಸಿದ್ದರು. ಮೈ ರೈಟ್ ಎಂದರೆ ನನ್ನ ಬಲ. ಸರಿಹೋಯಿತಲ್ಲ ಎಂದುಕೊಂಡೆ. ಪೆಟ್ಟಾಗಿರುವುದು ಬಲಗೈಗೆ, ಅದರ ವಿಷಯವನ್ನೇ ಬರೆದಿದ್ದಾರೆ. ಎಡ ಎಂದು ಬರೆದಿದ್ದರೆ ಜಗಳ ಮಾಡಿ ತಿದ್ದಿಸುತ್ತಿದ್ದೆ, ನಿಜವಾಗಿಯೂ. ಬಲ ಎಂದು ಇತ್ತು. ರೈಟ್ ಇದ್ದಲ್ಲಿ ರೈಟ್ ಹಾಕಿದೆ.

ಬೆಣ್ಣೆ ನನ್ನನ್ನೇ ನೋಡುತ್ತಿದ್ದ. ನನ್ನ ಬೆರಳು ಆ ಸಾಲಿನ ಮೇಲೆ ನಿಂತದ್ದನ್ನೂ ಆಮೇಲೆ ಮುಂದೆ ಹೋದದ್ದನ್ನೂ ಕಂಡಿದ್ದಾನೆ. ಹೊರಗೆ ಬಂದಾಗ ಹೇಳಿದ, "ನೀನು ಓದಿದ್ದು ಅಂತ ಅಕ್ಕನಿಗೆ ಹೇಳೋಕೆ ಹೋಗ್ಬೇಡ. ನಾಳೆ ಏನಾದ್ರೂ ಬೇಜಾರಾದ್ರೆ ನಿನ್ನ ಮೇಲೆ ಬರುತ್ತೆ. ಚಹಾ ತರೋಕೆ ಹೋಗಿದ್ದೆ ಅನ್ನು." ಎಷ್ಟು ಒಳ್ಳೆಯವನು ಎಂದುಕೊಂಡೆ. ಹದಿನೈದು ದಿನದಲ್ಲಿ ನನ್ನನ್ನು ರೋಲರ್ ಹತ್ತಿರದಿಂದ ತೆಗೆದು ಬಟ್ಟೆ ಗಂಟುಗಳಿಗೆ ಚೀಟಿ ಚುಚ್ಚುವ ಮೇಜಿಗೆ ಹಾಕಿದ. ಅಕ್ಷರ ದುಂಡಗಿದೆ ಎಂದು ಹಾಕಿದರು ಅಂತ ನಿನಗೆ ಹೇಳಿದ್ದೆ. ನೀನು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ನೀನು ಕೆಲಸ ವಾಪಸ್ ಕೊಡಿ ಎಂದು ಕೇಳಲು ಬಂದ ದಿನ. ಭಾರದ ಕೆಲಸ ಬೇಡ, ಎಡಗೈಯಲ್ಲಿ ಮಾಡುವಂಥದ್ದು ಕೊಡಿ, ಆ ತಂತಿ ಯಾಕೆ ಕಟ್ಟಿದ್ದರು ಅಂತಲೂ ಹೇಳಿ ಎಂದೆ. ಬೆಣ್ಣೆ ಬೀರುವಿನಿಂದ ಆ ಹಾಳೆ ತೆಗೆದ. "ನೀವೇ ಬಿಟ್ಟುಕೊಟ್ಟಿದೀರಲ್ಲಮ್ಮ. ಕೇಳೋ ಹಕ್ಕು ಬಿಟ್ಟಿದೀನಿ ಅಂತ ರೈಟ್ ಹಾಕಿದೀರಲ್ಲ." ನೀನು "ನಾನು ಹಾಕಿಲ್ಲ" ಎಂದೆ. ಆಮೇಲೆ ಎಲ್ಲರ ಎದುರು ಅಂದೆ, "ನನ್ನ ತಂಗಿ ಚಹಾ ತರೋಕೆ ಹೋಗಿದ್ಲು. ಅವಳಿದ್ದಿದ್ರೆ ಓದಿ ಹೇಳ್ತಿದ್ಲು, ನಿಮ್ಮ ಆಟ ನಡೀತಿರ್ಲಿಲ್ಲ." ನಾನು ಚೀಟಿ ಮೇಜಿನ ಹಿಂದೆ ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು ನಿಂತಿದ್ದೆ. ಪಿನ್ನು ಇದ್ದದ್ದರಿಂದ ಮಾತಾಡಲಿಲ್ಲ ಎಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಆ ತಿಂಗಳ ಕೊನೆಗೆ ನೀನು ಚಿಕ್ಕಮ್ಮನ ಊರಿಗೆ ಹೋದೆ.

ಹಕ್ಕು ಎಂಬುದು ಆ ಹಾಳೆಯಲ್ಲಿ ಎಲ್ಲಿತ್ತು ಎಂದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು. ಕೇಳಿಬಿಡಬಹುದಿತ್ತು. ಓದಿದವಳು ಯಾರನ್ನು ಕೇಳುವುದು? ಜನವರಿಯಲ್ಲಿ ವ್ಯಾನ್ ಡ್ರೈವರಣ್ಣ ಪೇಪರು ಹಿಡಿದುಕೊಂಡು ಚೀಟಿ ಮೇಜಿಗೆ ಬಂದ.

"ನೋಡಮ್ಮ, ನಿನ್ನಂಥ ಅರ್ಧಂಬರ್ಧಗಳಿಗೆ ಒಳ್ಳೆ ಸುದ್ದಿ. ಸ್ಕೂಲು ಬಿಟ್ಟವರು ಪರೀಕ್ಷೆಗೆ ಕೂರಬಹುದಂತೆ. ಏಜ್ ಲಿಮಿಟ್ ವೇವ್ ಮಾಡಿದಾರೆ."

"ವಯಸ್ಸು ಹೇಗಣ್ಣ ಕೈ ಬೀಸುತ್ತೆ?" ಎಂದೆ.

ಅವನು ಹೊಟ್ಟೆ ಹಿಡಿದು ನಕ್ಕ. "ಕೈ ಬೀಸೋದಲ್ಲ ಮಾರಾಯ್ತಿ, ಅದರ ಸ್ಪೆಲ್ಲಿಂಗೇ ಬೇರೆ. ಇದರ ನಡುವೆ ಒಂದು ಐ ಇದೆ ನೋಡು. ಅಂದ್ರೆ ಬಿಟ್ಟುಬಿಡೋದು. ಇರಬೇಕಾದ್ದನ್ನ ಹೋಗಲಿ ಬಿಡು ಅನ್ನೋದು."

ಮರುದಿನ ಅವನ ಮಗಳ ಡಿಕ್ಷನರಿ ತರಿಸಿಕೊಂಡೆ. ರೈಟ್ ಎಂಬ ಪದಕ್ಕೆ ಒಂದು ಪುಟ ಸಾಲದೆ ಇನ್ನೊಂದಕ್ಕೆ ಹೋಗಿದೆ ಅಕ್ಕ. ಸರಿ, ನೆಟ್ಟಗೆ, ಬಲಗಡೆ, ಎಲ್ಲ ಆದಮೇಲೆ ಹಕ್ಕು. ನಾವು ರೈಟ್ ಹಾಕು ಅನ್ನುತ್ತೇವಲ್ಲ, ಅದೊಂದು ಇಲ್ಲವೇ ಇಲ್ಲ. ಇಂಗ್ಲಿಷಿನವರು ಅದಕ್ಕೆ ಟಿಕ್ ಅನ್ನುತ್ತಾರಂತೆ. ರೈಟ್ ಬಿಟ್ಟುಕೊಡುವುದಕ್ಕೆ ರೈಟ್ ಹಾಕುವವರು ಭೂಮಿಯ ಮೇಲೆ ನಾವೇ ಇರಬೇಕು. ಬೆಣ್ಣೆಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಬೆರಳು ಮುಂದೆ ಹೋಗುವುದನ್ನು ನೋಡುತ್ತಾ ನಿಂತಿದ್ದ. ಅವತ್ತೇ ಅವನ ಬಾಗಿಲಿಗೆ ಹೋಗಿ ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ನಿಂತಲ್ಲಿ ನಿಲ್ಲಲಾರದವಳು ಎರಡು ತಿಂಗಳು ಸುಮ್ಮನೆ ಕೂತು ಚೀಟಿ ಚುಚ್ಚಿದೆ ಎಂದರೆ ನನಗೆ ಎಷ್ಟು ಕೋಪ ಬಂದಿತ್ತು ಎಂದು ನಿನಗೊಬ್ಬಳಿಗೆ ಅರ್ಥವಾಗುತ್ತದೆ. ಅವನಿಗೆ ದಿನಾ ನಮಸ್ಕಾರ ಹೊಡೆದೆ. ಅವನ ಮೇಜಿಗೆ ನೀರು ಇಟ್ಟೆ.

ಹೋದ ಸೋಮವಾರ ಅವನೇ ಕರೆದ. ಬುಧವಾರ ಕಾರ್ಮಿಕ ಇಲಾಖೆಯಿಂದ ತನಿಖೆಗೆ ಅಧಿಕಾರಿ ಬರುತ್ತಾರೆ, ಅಷ್ಟರಲ್ಲಿ ಎಲ್ಲ ಹೆಂಗಸರಿಂದ ಒಂದೊಂದು ಫಾರಂ ಆಗಬೇಕು. ಇಪ್ಪತ್ತೆರಡು ಹಾಳೆ ಕೊಟ್ಟ. ಅದೇ ಐದು ಸಾಲು. ಕೆಳಗೆ ಅವನ ಸಹಿ ಆಗಲೇ ಬಿದ್ದಿತ್ತು: ಮೇಲಿನದನ್ನು ಕೆಲಸದವರಿಗೆ ಅವರ ಭಾಷೆಯಲ್ಲಿ ಓದಿ ತಿಳಿಸಲಾಗಿದೆ.

"ನೀನು ಹೇಳಿದ್ರೆ ಕೇಳ್ತಾರೆ. ಓದಿ ಹೇಳಿ ಹಾಕಿಸ್ಕೊಂಡು ಬಾ," ಎಂದ. ಆಮೇಲೆ ನಗುತ್ತಾ, "ನಮ್ಮಿಬ್ಬರಿಗೂ ಇದು ಹೊಸದೇನಲ್ವಲ್ಲ" ಎಂದ.

ಆ ನಗು ಅವನಿಗೆ ದುಬಾರಿಯಾಯಿತು. ನಾನು ಅವನು ಹೇಳಿದ್ದನ್ನೇ ಮಾಡಿದೆ ಅಕ್ಕ. ಓದಿ ಹೇಳಿದೆ.

ಊಟದ ಹೊತ್ತಿನಲ್ಲಿ ಮಡಿಸುವ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿದೆ. ದೊಡ್ಡಕ್ಕ ಕಾಲು ಚಾಚಿಕೊಂಡು ಗಂಟಿಗೆ ಒರಗಿದ್ದಳು. ಅವಳ ಪಕ್ಕ ರೇಡಿಯೋ, ಯಾವತ್ತಿನಂತೆ ಬಾಯಿ ಮುಚ್ಚದೆ.

"ಓದಮ್ಮ ಪಂಡಿತೆ," ಎಂದಳು ರೇಡಿಯೋ. ಮೊದಲ ಸಾಲು ಹೆಸರು, ವಯಸ್ಸು. "ನನ್ನದು ಇಪ್ಪತ್ತೆಂಟು ಅಂತ ಬರಿ."

"ನಿನ್ನದು ಕೇಳ್ತಿರೋದು, ನಿನ್ನ ಮಗಳದ್ದಲ್ಲ," ಎಂದಳು ದೊಡ್ಡಕ್ಕ.

ಎರಡನೆಯದು, ಇಷ್ಟಪಟ್ಟು ಕೆಲಸಕ್ಕೆ ಬಂದಿದ್ದೇನೆ. "ಇಷ್ಟ ಯಾರು ಕೇಳಿದ್ರು? ಹಾಕು ಹಾಕು ರೈಟು." ಮೂರನೆಯದು, ಯಂತ್ರಗಳನ್ನು ನನಗೆ ತೋರಿಸಿದ್ದಾರೆ. "ದಿನಾ ಮುಖ ನೋಡ್ತೀವಲ್ಲ, ಗಂಡನಿಗಿಂತ ಜಾಸ್ತಿ. ರೈಟು."

ನಾಲ್ಕನೆಯದಕ್ಕೆ ಬಂದೆ. ಪದ ಪದ ಬಿಡಿಸಿ ಓದಿದೆ. "ಕೆಲಸದಲ್ಲಿ ನನಗೆ ಏನೇ ಆದರೂ ಕೇಳುವ ಹಕ್ಕು ನನಗಿದೆ. ಆ ಹಕ್ಕನ್ನು ನಾನಾಗಿ ಬಿಟ್ಟುಕೊಡುತ್ತಿದ್ದೇನೆ."

ದೊಡ್ಡಕ್ಕ ಚಾಚಿದ್ದ ಕಾಲು ಮಡಿಸಿ ನೆಟ್ಟಗೆ ಕೂತಳು.

"ಇದೆ ಅಂತಾನೂ ಬರೆದಿದಾರಾ?" ಎಂದಳು ದೊಡ್ಡಕ್ಕ.

"ಇಲ್ಲದ್ದನ್ನ ಬಿಟ್ಟುಕೊಡಿ ಅಂತ ಯಾರಾದ್ರೂ ಕೇಳ್ತಾರಾ ದೊಡ್ಡಕ್ಕ?"

"ಅಲ್ಲ, ಹತ್ತೊಂಬತ್ತು ವರ್ಷದಿಂದ ಇಲ್ಲಿ ಮಡಿಸ್ತಿದೀನಿ. ನನ್ನ ಹತ್ರ ಅಂಥದ್ದೊಂದಿದೆ ಅಂತ ಇವತ್ತು ಗೊತ್ತಾಯ್ತು. ಗೊತ್ತಾದ ದಿನವೇ ಕೊಟ್ಟುಬಿಡ್ಬೇಕಾ?"

"ಹಾಕಲೇಬೇಕು ಅಂತಿಲ್ಲ," ಎಂದೆ. "ಬೇಡ ಅಂದ್ರೆ ಇಂಟು ಹಾಕಬಹುದು."

ರೇಡಿಯೋ ಪೆನ್ನು ಕಿತ್ತುಕೊಂಡಳು. ಅವಳು ಎಳೆದ ಇಂಟಿಗೆ ಹಾಳೆ ಹರಿದು ಕೆಳಗಿನ ಮೇಜಿನ ಮೇಲೂ ಗೀಟು ಬಿತ್ತು. "ಇದು ನಿನ್ನ ಅಕ್ಕನ ಕೈಗೆ," ಎಂದಳು. ಅಲ್ಲಿಂದ ಎಲ್ಲರೂ ಅದನ್ನೇ ಹೇಳಿಕೊಂಡು ಹಾಕಿದರು. ಇಪ್ಪತ್ತೆರಡು ಇಂಟು. ನಾನು ತಲೆ ತಗ್ಗಿಸಿಕೊಂಡು ಹಾಳೆ ಜೋಡಿಸಿದೆ.

ಬೆಣ್ಣೆ ಕೇಳಿದ, "ಎಲ್ಲರೂ ಹಾಕಿದ್ರಾ?"

"ಎಲ್ಲರೂ ಹಾಕಿದಾರೆ ಸಾರ್."

ಏನು ಹಾಕಿದರು ಎಂದು ಅವನು ಕೇಳಲಿಲ್ಲ. ಮೇಲಿನ ಹಾಳೆಯ ಮೊದಲ ಸಾಲು ನೋಡಿ ಕವರಿಗೆ ಹಾಕಿದ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅಂಥ ನಿಜ ಹೇಳುವುದನ್ನು ನಾನು ಅವನಿಂದಲೇ ಕಲಿತದ್ದು, ಅದು ನನಗೆ ಗೊತ್ತಿದೆ.

ಬುಧವಾರ ಬಂದ ಅಧಿಕಾರಿ ಹೆಂಗಸು. ಸಣ್ಣಗಿದ್ದರು, ಕೊಟ್ಟ ಚಹಾ ಮುಟ್ಟಲಿಲ್ಲ. ಬೆಣ್ಣೆ ಎರಡೂ ಕೈಯಲ್ಲಿ ಕವರು ಹಿಡಿದು, ಬಾಗಿ, ಅವರ ಕೈಗೆ ಕೊಟ್ಟ. ಬಾಗಿಲ ಹೊರಗೆ ನಿಂತು ನೋಡಿದೆ. ಅವನೇ ಕೊಟ್ಟ ಅಕ್ಕ! ಅವನ ಕೈಯಿಂದ, ಅವನ ಸಹಿ ಸಮೇತ! ಅದನ್ನು ನೆನೆಸಿಕೊಂಡರೆ ಈಗಲೂ ಬಾಯಲ್ಲಿ ಬೆಲ್ಲ ಇಟ್ಟ ಹಾಗಾಗುತ್ತದೆ. ಒಳ್ಳೆಯವಳು ಹಾಗೆ ಬರೆಯಬಾರದು ಅನ್ನುತ್ತೀಯ. ನಾನು ಒಳ್ಳೆಯವಳು ಎಂದು ಯಾವತ್ತು ಹೇಳಿದೆ?

ಅವರು ಒಂದು ಹಾಳೆ ತಿರುಗಿಸಿದರು, ಎರಡು, ಐದು. ಆಮೇಲೆ ಬೇಗ ಬೇಗ ತಿರುಗಿಸಿ ಕೊನೆಯದನ್ನೂ ನೋಡಿದರು. "ಓದಿ ತಿಳಿಸಿದ್ದೇನೆ ಅಂತ ನೀವು ಸಹಿ ಮಾಡಿದೀರಿ. ತಿಳಿದ ಮೇಲೆ ಎಲ್ಲರೂ ಬೇಡ ಅಂದಿದಾರೆ. ಯಾಕೆ?"

ಬೆಣ್ಣೆ ಹಾಳೆ ನೋಡಿದ. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು. "ಇವರಿಗೆ ಗೊತ್ತಾಗಿಲ್ಲ ಮೇಡಂ, ಓದು ಬರಹ ಇಲ್ಲದವರು."

"ಗೊತ್ತಾಗಿದೆ," ಎಂದೆ ಬಾಗಿಲಿನಿಂದ. "ಹೋದ ಸಲ ಗೊತ್ತಾಗಿರಲಿಲ್ಲ."

ಹೋದ ಸಲ ಎಂದರೇನು ಎಂದು ಅವರು ಕೇಳಿದರು. ನಿನ್ನ ಕೈ, ತಂತಿ, ಫಾರಂ, ಎಲ್ಲ ಹೇಳಿದೆ. ಹಿಂದಿನಿಂದ ದೊಡ್ಡಕ್ಕ ಕೂಗಿದಳು, "ರೈಟ್ ಹಾಕಿದ್ದು ಈ ಮನುಷ್ಯನೇ ಮೇಡಂ, ಆ ಹುಡುಗಿ ಹೆಬ್ಬೆಟ್ಟು ಒತ್ತಿದ ಮೇಲೆ!"

ಆಗ ಮೊದಲ ಸಲ ಅವನ ದನಿ ಏರಿತು. ಬೆಣ್ಣೆಯೊಳಗೆ ಅಂಥದ್ದೊಂದು ದನಿ ಇತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. "ಇವಳೇ ಹಾಕಿದ್ದು! ಕೇಳಿ ಇವಳನ್ನೇ. ಚಹಾ ಅಂತೆ ಚಹಾ! ಇವಳ ಕೈಯಾರೆ ಹಾಕಿ, ಅದಕ್ಕೇ ಚೀಟಿ ಮೇಜು ತಗೊಂಡು ಕೂತಿದಾಳೆ!"

ಲಾಂಡ್ರಿಯಲ್ಲಿ ಎಲ್ಲ ಯಂತ್ರ ನಿಂತಿದ್ದವು. ಅಧಿಕಾರಿ ನನ್ನನ್ನು ನೋಡಿದರು. "ಯಾರು ಹಾಕಿದ್ದು?"

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಇಪ್ಪತ್ತೆರಡು ಜನ ನನ್ನ ಕಡೆ ಇದ್ದರು, ಅವನ ಮಾತನ್ನು ಒಬ್ಬರೂ ನಂಬುತ್ತಿರಲಿಲ್ಲ. ಅವನೇ ಫೋರ್ಜರಿ ಮಾಡಿದ ಎಂದರೆ ಜೈಲೂ ಆಗುತ್ತಿತ್ತೇನೋ. ಅವನನ್ನು ಜೈಲಿನಲ್ಲಿ ನೋಡಲು ನನಗೆ ಎಷ್ಟು ಆಸೆ ಇತ್ತು ಎಂದರೆ ನಾಲಿಗೆ ತುದಿಗೆ ಬಂದಿತ್ತು. ಆದರೆ ಒಂದು ಚಹಾದ ಸುಳ್ಳನ್ನು ಅವನು ನನ್ನ ಬಾಯಲ್ಲಿ ಇಟ್ಟಿದ್ದ. ಎರಡನೆಯದನ್ನು ಅವನ ಮೇಲಿನ ಸಿಟ್ಟಿಗೆ ಹೇಳಲು ಮನಸ್ಸು ಒಪ್ಪಲಿಲ್ಲ.

"ನಾನು ಮೇಡಂ," ಎಂದೆ. "ಅಕ್ಕ ಹಾಕಲಿಲ್ಲ. ಅವಳಿಗೆ ಯಾರೂ ಓದಿ ಹೇಳಲಿಲ್ಲ. ನನಗೆ ಅರ್ಥ ಗೊತ್ತಿರಲಿಲ್ಲ. ಗೊತ್ತಿದ್ದವರು ಅಲ್ಲೇ ನಿಂತು ನೋಡ್ತಿದ್ದರು."

ಅವರು ಬರೆದುಕೊಂಡರು. ಬೆಣ್ಣೆಗೆ ಆಗ ಹೊಳೆಯಿತು, ಅವನೇ ಕೂಗಿ ಏನು ಒಪ್ಪಿಕೊಂಡ ಎಂದು. ರೈಟ್ ಹಾಕಿದ್ದು ನೀನಲ್ಲ ಎಂದು ಅವನ ಬಾಯಿಂದಲೇ ಬಂದಾಗಿತ್ತು. ಕುರ್ಚಿ ಹುಡುಕಿಕೊಂಡು ಕೂತ.

ಈ ಕಾಗದದ ಜೊತೆ ಇಟ್ಟಿರುವುದು ಅವರ ಕಚೇರಿಯ ನೋಟೀಸು. ಹಳೆಯ ಫಾರಂ ಕಾನೂನಿನ ಮುಂದೆ ನಿಲ್ಲುವುದಿಲ್ಲವಂತೆ. ಆದರೆ ಮೂವತ್ತು ದಿನದೊಳಗೆ ನೀನೇ ಬಂದು ದೂರು ಕೊಡಬೇಕು, ನಿನ್ನ ಬದಲು ಬೇರೆಯವರು ಕೊಡುವ ಹಾಗಿಲ್ಲ. ಈ ಸಲ ನೋಟೀಸಿನ ಪ್ರತಿ ಪದವನ್ನೂ ಡಿಕ್ಷನರಿಯಲ್ಲಿ ನೋಡಿ ಹಿಂದುಗಡೆ ಕನ್ನಡದಲ್ಲಿ ಬರೆದಿದ್ದೇನೆ. ಒಂದು ಪದ ಎಷ್ಟು ನೋಡಿದರೂ ತಿಳಿಯಲಿಲ್ಲ. ಅಲ್ಲಿ "ಗೊತ್ತಿಲ್ಲ" ಎಂದೇ ಬರೆದಿದ್ದೇನೆ, ಬೇರೆ ಯಾರನ್ನಾದರೂ ಕೇಳು.

ಮೂರನೇ ಕಾಗದದಲ್ಲಿ ನೀನು ಬರೆದಿದ್ದೆ, ಆದದ್ದಾಯಿತು, ಹೋಗಲಿ ಬಿಡು ಎಂದು. ಓನರಮ್ಮ ನಲ್ಲಿ ರಿಪೇರಿ ಮಾಡಿಸದಿದ್ದರೂ ನೀನು ಹೋಗಲಿ ಬಿಡು ಅನ್ನುವವಳು. ಆ ಫಾರಂನಲ್ಲಿ ಇದ್ದದ್ದೂ ಅದೇ ಮಾತು ಅಕ್ಕ, ಇಂಗ್ಲಿಷಿನಲ್ಲಿ. ನಿನ್ನ ಬಾಯಿಂದ ಇನ್ನೊಂದು ಸಲ ಅದು ಬರಬಾರದು. ಬಂದು ದೂರು ಕೊಡು. ಓದದೆ ರೈಟ್ ಹಾಕಿದವಳು ತಂಗಿ ಎಂದು ಅದರಲ್ಲಿ ಬರೆಸು. ನನ್ನನ್ನು ಉಳಿಸಲು ಹೋಗಬೇಡ.

ಇಲ್ಲಿಯ ಸುದ್ದಿ ಮುಗಿಸುತ್ತೇನೆ. ನಿನ್ನೆ ನನ್ನ ಕೆಲಸ ಹೋಯಿತು. ಹೆಂಗಸರು ನನ್ನ ಜೊತೆ ಮಾತಾಡುತ್ತಿಲ್ಲ. ಗೇಟಿನ ಹತ್ತಿರ ದೊಡ್ಡಕ್ಕ ಮಾತ್ರ ನಿಂತು, "ಕೊನೆಗಾದ್ರೂ ಹೇಳಿದೆ, ಅದು ಸರಿ. ಆದ್ರೆ ನಿನ್ನ ಮುಖ ನೋಡೋಕೆ ನನಗೆ ಸ್ವಲ್ಪ ದಿನ ಬೇಕು" ಎಂದಳು. ಬೆಣ್ಣೆಯನ್ನು ಕಂಪನಿ ತೆಗೆದಿಲ್ಲ. ಬೇರೆ ಊರಿನ ಲಾಂಡ್ರಿಗೆ ಹಾಕಿದೆ, ಅಷ್ಟೇ. ಅಲ್ಲಿ ನಲವತ್ತು ಜನ ಹೆಂಗಸರಿದ್ದಾರೆ ಎಂದು ಡ್ರೈವರಣ್ಣ ಹೇಳಿದ. ಅವರಿಗೂ ಐದು ಸಾಲಿನ ಹಾಳೆ ಬರುತ್ತದೆ. ಹೋಗಲಿ ಬಿಡು ಅನ್ನಲು ನನ್ನಿಂದ ಆಗುವುದಿಲ್ಲ. ಅವನು ನನಗೆ ಕೆಲಸ ಕೊಡುವುದಿಲ್ಲ, ನನಗೆ ಬೇಡವೂ ಬೇಡ. ಆ ಲಾಂಡ್ರಿಯ ಗೇಟಿನ ಹೊರಗಿನ ರಸ್ತೆಯಲ್ಲಿ ನಿಲ್ಲಲು ಯಾರ ಫಾರಂ ಬೇಕು? ಬೆಳಿಗ್ಗೆ ಬರುವಾಗ ಒಂದು ಸಲ, ಸಂಜೆ ಹೋಗುವಾಗ ಒಂದು ಸಲ ಅವನು ನನ್ನ ಮುಖ ನೋಡಲಿ. ಹೊಟ್ಟೆಪಾಡಿಗೆ ಆ ಊರಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕೇ ಸಿಗುತ್ತದೆ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ನೀನು ದೊಡ್ಡವಳು, ಆಶೀರ್ವಾದ ಮಾಡಬೇಕಾದವಳು ನೀನು. ಈ ಕಾಗದ ಓದಿದ ಮೇಲೆ ನಿನಗೆ ಮನಸ್ಸು ಬರದಿದ್ದರೆ ಬೇಡ. ನಾನೇ ಹೇಳುತ್ತೇನೆ: ನಿನಗೆ ಒಳ್ಳೆಯದಾಗಲಿ, ನಿನ್ನ ಎಡಗೈಗೆ ಎರಡು ಕೈಯ ಶಕ್ತಿ ಬರಲಿ. ಅವನಿಗೆ ಒಳ್ಳೆಯದಾಗುವುದು ಬೇಡ.

ನಿನ್ನ ತಂಗಿ,
ಗಿರಗಿಟ್ಟಲೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಂದು ನೀನು ಔಷಧಿಯ ಮಂಪರಿನಲ್ಲಿದ್ದೆ, ನಿನಗೆ ನೆನಪಿರಲಾರದು. ನಾನು ನಾಲ್ಕನೇ ಸಾಲಿನಲ್ಲಿ ನಿಂತಾಗ ನೀನು ಕಣ್ಣು ಬಿಟ್ಟು "ಏನಂತೆ?" ಎಂದು ಕೇಳಿದೆ. ಬರುವುದಿಲ್ಲ ಎನ್ನಲು ಅವನ ಎದುರು ನಾಚಿಕೆಯಾಯಿತು. "ನಿನ್ನ ಬಲಗೈ ವಾಸಿಯಾಗುತ್ತಂತೆ ಅಕ್ಕ, ಮೊದಲಿನ ಹಾಗೆ ಬೀಸಬಹುದಂತೆ, ಇಂಗ್ಲಿಷಿನಲ್ಲೇ ಬರೆದುಕೊಟ್ಟಿದಾರೆ" ಎಂದೆ. ನೀನು ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕೆ. ಬ್ಯಾಂಡೇಜಿನ ಕೈಯನ್ನು ಹಾಸಿಗೆಯಿಂದ ಇಷ್ಟು ಎತ್ತಿ ನನ್ನ ಕಡೆ ಬೀಸಿದೆ. ಅವನೂ ನೋಡಿ ನಕ್ಕ.

ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅವನಿರುವ ಊರಿಗೆ ಹೊರಡುತ್ತೇನೆ.